ಪಾಲಣ್ಣ ಮೇಷ್ಟ್ರ ಹಿತ್ತಲ ಗಿರಣಿ

"ಇವತ್ತಿನಿಂದ ಈ ಮನಿಯೊಳಗ ಹೊಸ ಕಾಗದ ಒಂದು ಚೂರೂ ಬರಕೂಡದು! ಬಂತೋ, ನಾನಿರಬೇಕು, ಇಲ್ಲಾ ಅದಿರಬೇಕು!"

ಬಳ್ಳಾರಿಯಲ್ಲಿ ಮೂರು ದಿನದ ತರಬೇತಿ ಮುಗಿಸಿ ಕೊಟ್ಟೂರಿಗೆ ಮರಳಿದ ಪಾಲಣ್ಣ ಮೇಷ್ಟ್ರು ಹೊಸ್ತಿಲಿನ ಒಳಗೆ ಒಂದು ಕಾಲು, ಹೊರಗೆ ಒಂದು ಕಾಲು ಇಟ್ಟುಕೊಂಡೇ ಈ ಘೋರ ಪ್ರತಿಜ್ಞೆ ಮಾಡಿದರು. ಕೈಯಲ್ಲಿನ ಚೀಲ ಇನ್ನೂ ಕೆಳಗಿಳಿದಿರಲಿಲ್ಲ. ಬಸ್ಸಿನ ಧೂಳು ಇನ್ನೂ ಹುಬ್ಬಿನ ಮೇಲಿತ್ತು.

"ಒಳಗರ ಬರ್ರಿ, ಹೊರಗರ ನಿಲ್ರಿ. ಹೊಸ್ತಿಲ ಮ್ಯಾಲ ನಿಂತು ಆಣಿ ಮಾಡಬಾರ್ದು" ಎಂದಳು ಹೆಂಡತಿ ಬಸಲಿಂಗಮ್ಮ. "ಅಂದಂಗ ಈ ಮನಿಗೆ ಹೊಸ ಕಾಗದ ಬಂದದ್ದರ ಯಾವಾಗ? ನಿಮ್ಮ ನೌಕ್ರಿ ಆರ್ಡರು ಬಂದಾಗ ಒಮ್ಮಿ ಬಂದಿತ್ತು. ಆಮ್ಯಾಲ ಬಂದದ್ದೆಲ್ಲಾ ಬೆಲ್ಲ ಕಟ್ಟಿದ್ದು, ಬ್ಯಾಳಿ ಕಟ್ಟಿದ್ದು."

"ಆ ಬೆಲ್ಲ ಕಟ್ಟಿದ ಕಾಗದ ಏನಂತ ತಿಳದೀ? ಅದು ಮರದ ಹೆಣ! ಹೆಣ!"

"ರಾಮ ರಾಮ! ಉಣ್ಣೋ ಹೊತ್ತಿನಾಗ ಎಂಥಾ ಮಾತಾಡ್ತೀರಿ!"

ಮೇಷ್ಟ್ರು ಉಣ್ಣಲು ಕೂತವರು ಉಣ್ಣಲಿಲ್ಲ, ಉಪನ್ಯಾಸ ಮಾಡಿದರು. ಬಳ್ಳಾರಿಯಲ್ಲಿ ದಪ್ಪ ಕನ್ನಡಕದ ವಿಜ್ಞಾನದ ಪಂಡಿತರೊಬ್ಬರು ಹೇಳಿದ್ದನ್ನು ರೊಟ್ಟಿ ಮುರಿಯುತ್ತ ಮರಳಿ ಹೇಳಿದರು. ಒಂದು ಹಾಳೆ ಹುಟ್ಟಬೇಕಾದರೆ ಎಲ್ಲಿಯೋ ಒಂದು ಬಿದಿರು ಮೆಳೆ ಬೀಳಬೇಕು, ಮರ ಉರುಳಬೇಕು. ಅದನ್ನು ಚಕ್ಕೆ ಮಾಡಿ ಕ್ಷಾರದಲ್ಲಿ ಕುದಿಸಬೇಕು. ಬೆಳ್ಳಗಾಗಲಿ ಅಂತ ಮದ್ದು ಹಾಕಬೇಕು. ತೊಳೆಯಲು ಕೆರೆಗಟ್ಟಲೆ ನೀರು ಬೇಕು. ಆ ನೀರು ಕಪ್ಪಗೆ ನೊರೆಗಟ್ಟಿ ಹೊಳೆಗೆ ಸೇರಿದರೆ ಮೀನು ಹೊಟ್ಟೆ ಮೇಲೆ ಮಾಡಿ ತೇಲಬೇಕು! ಅದೇ ಬಳಸಿ ಬಿಸಾಕಿದ ಕಾಗದವನ್ನು ಅರೆದು ಮತ್ತೆ ಕಾಗದ ಮಾಡಿದರೆ ಎಷ್ಟೋ ಅನಿಷ್ಟ ತಪ್ಪುತ್ತದೆ.

"ಅದನ್ನ ಯಾರು ಮಾಡೋರು?" ಎಂದಳು ಬಸಲಿಂಗಮ್ಮ.

"ನಾನು! ನಮ್ಮ ಹಿತ್ತಲದಾಗ!"

ಅಡುಗೆಮನೆಯ ಮೂಲೆಯಿಂದ ಒಂದು ಸಣ್ಣ ನಗು ಬಂತು. ಹಂಪಸಾಗರದಿಂದ ಮಗಳ ಮನೆಗೆ ಬಂದಿದ್ದ ಅತ್ತೆ ಗಾದೆಮ್ಮ ಅಲ್ಲಿ ಕೂತು ತನ್ನ ಕೆಲಸ ಮಾಡುತ್ತಿದ್ದಳು. ಆಕೆಯ ಮುಂದೆ ಒಂದು ಗಡಿಗೆ. ನಾಲ್ಕು ದಿನದಿಂದ ಅದರಲ್ಲಿ ಹಳೆ ಕಾಗದದ ಚೂರು ನೆನೆಯುತ್ತಿದ್ದವು. ಆಕೆ ಅದನ್ನು ಹಿಡಿ ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಕೊಡದ ಮೇಲೆ ಬಡಿದು ಒಣಗಿಸಿ, ಬುಟ್ಟಿ ಮಾಡುತ್ತಿದ್ದಳು. ಆ ಸೀಮೆಯ ಹೆಣ್ಣುಮಕ್ಕಳು ತಲೆಮಾರಿನಿಂದ ಮಾಡಿಕೊಂಡು ಬಂದ ಕೆಲಸ. ಅದಕ್ಕೆ ಯಾರೂ ತರಬೇತಿ ಕೊಟ್ಟಿರಲಿಲ್ಲವಾದ್ದರಿಂದ ಅದು ವಿಜ್ಞಾನವೆಂದು ಯಾರಿಗೂ ಅನಿಸಿರಲಿಲ್ಲ.

"ನಾನೂ ಅದನ್ನ ಮಾಡಾಕತ್ತೀನಲ್ಲೋ ಯಪ್ಪಾ" ಎಂದಳು ಗಾದೆಮ್ಮ.

"ಅದು ಬುಟ್ಟಿ, ಅತ್ತಿ! ಬುಟ್ಟಿ ಮ್ಯಾಲ ಬರಿಯಾಕ ಬರತೈತೇನು?"

"ಬರಿಯೋದ್ಯಾಕ? ಮೆಣಸಿನಕಾಯಿ ಇಡಾಕ ಬರತೈತಿ. ಒಂದು ಮಾತು ಹೇಳ್ತೀನಿ ಕೇಳು. ಹರಕ ಸೀರಿ ಕೌದಿ ಆಕೈತಿ. ಎಷ್ಟು ಹೊಲದ್ರೂ ತಿರುಗಿ ಸೀರಿ ಆಗಂಗಿಲ್ಲ."

ಅರೆದ ಕಾಗದದ ನಾರು ಮೊದಲಿನಷ್ಟು ಗಟ್ಟಿ ಇರುವುದಿಲ್ಲ ಎಂಬ ಬಳ್ಳಾರಿ ಪಂಡಿತರ ಒಂದು ಗಂಟೆಯ ಪಾಠ ಈ ಮಾತಿನಲ್ಲಿತ್ತು. ಆದರೆ ಮೇಷ್ಟ್ರು ಅದನ್ನು ಅತ್ತೆಯ ಮಾತೆಂದು ತಿಳಿದರು, ಮಾವಿನಕಾಯಿ ಉಪ್ಪಿನಕಾಯಿ ನೆಕ್ಕಿ ಎದ್ದರು.

ಇಷ್ಟಕ್ಕೇ ನಿಂತಿದ್ದರೆ ಊರಿನ ಮಾನ ಊರಿನಲ್ಲಿರುತ್ತಿತ್ತು. ಮರುದಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯ ಕರಿಸಿದ್ದಪ್ಪನವರು ಒಂದು ಸುದ್ದಿ ಹೇಳಿದರು. ಶಿಕ್ಷಣಾಧಿಕಾರಿ ಓಬಳೇಶಪ್ಪನವರು ನಿವೃತ್ತರಾಗುತ್ತಿದ್ದಾರೆ. ಬರುವ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ಕೊಟ್ಟೂರಿನಲ್ಲಿ ಸನ್ಮಾನ. ಬಿನ್ನವತ್ತಳೆ ಬರೆದು, ಓದಿ, ಅರ್ಪಿಸಬೇಕು.

ಆ ಹೆಸರು ಕೇಳಿ ಪಾಲಣ್ಣ ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. ಹನ್ನೊಂದು ವರ್ಷದ ಹಿಂದೆ, ಹತ್ತಿ ಗಿರಣಿಯಲ್ಲಿ ಅಂಡಿಗೆ ಹೊರುತ್ತಿದ್ದವನ ಮಗನಿಗೆ ನೌಕರಿಯ ಆರ್ಡರಿಗೆ ಸಹಿ ಹಾಕಿದ ಕೈ ಅದೇ ಓಬಳೇಶಪ್ಪನವರದು. ಅಂದು ಅವರು ಕಾಗದ ಕೊಡುತ್ತ, "ಚೊಲೋತ್ನಂಗ ಮಾಡಪಾ" ಎಂದಿದ್ದರು. ಎರಡೇ ಶಬ್ದ. ಮೇಷ್ಟ್ರ ಮನೆತನದಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾರಿಗೂ ಬಂದಿರಲಿಲ್ಲ. ಆ ಕೈಗೆ ತಾನು ಕೈಯಾರೆ ಮಾಡಿದ್ದೊಂದನ್ನು ಕೊಡಬೇಕು, ಮತ್ತೊಮ್ಮೆ ಆ ಬಾಯಿಂದ ಒಂದು ಮಾತು ಕೇಳಬೇಕು!

"ಸಾರ್, ಬಿನ್ನವತ್ತಳೆ ಕಾಗದ ನಾನು ಮಾಡ್ತೀನಿ" ಎಂದುಬಿಟ್ಟರು.

"ಕಾಗದ ತರೋದೇನು ದೊಡ್ಡದಲ್ಲ ಬಿಡ್ರಿ."

"ತರೋದಲ್ಲ ಸಾರ್, ಮಾಡೋದು! ಒಂದು ಮರ ಕಡೀದಂಗ, ಒಂದು ಹನಿ ಹೊಲಸು ಹೊಳಿಗೆ ಬಿಡದಂಗ!"

ಕರಿಸಿದ್ದಪ್ಪನವರು ಸಂತೋಷದಿಂದ ಉಗ್ರಾಣದಲ್ಲಿ ಕೊಳೆಯುತ್ತಿದ್ದ ಮೂರು ವರ್ಷದ ಉತ್ತರಪತ್ರಿಕೆಗಳನ್ನು ದಾನ ಕೊಟ್ಟರು. ಅಷ್ಟೇ ಅಲ್ಲ, ಬಂದ ಬಂದ ಶಾಲೆಯವರಿಗೆಲ್ಲ ಹೇಳಿದರು. ಹಗರಿಬೊಮ್ಮನಹಳ್ಳಿಗೆ ಗೊತ್ತಾಯಿತು, ಹಡಗಲಿಗೆ ಗೊತ್ತಾಯಿತು, ಕೂಡ್ಲಿಗಿಗೆ ಗೊತ್ತಾಯಿತು. ಹಿಂದೆ ಸರಿಯುವ ದಾರಿಗಳೆಲ್ಲ ಒಂದೊಂದಾಗಿ ಮುಚ್ಚಿದವು.

ಮೊದಲ ದಿನ ಹಿತ್ತಲಿನಲ್ಲಿ ಗಿರಣಿ ಸ್ಥಾಪನೆಯಾಯಿತು. ಬಸಲಿಂಗಮ್ಮನ ಸ್ನಾನದ ಹಂಡೆ ಬೇಯಿಸುವ ಕೊಪ್ಪರಿಗೆಯಾಯಿತು. ರವೆ ಜರಡಿ ಹಾಳೆ ಎತ್ತುವ ಅಚ್ಚಾಯಿತು. ಒರಳನ್ನು ಮೇಷ್ಟ್ರ ಸರ್ಕಾರ ವಶಪಡಿಸಿಕೊಂಡಿತು.

"ಜಳಕ ಎದರಾಗ ಮಾಡೋದು?" ಎಂದಳು ಬಸಲಿಂಗಮ್ಮ.

"ನಾಡಿಗಾಗಿ ಎರಡು ದಿನ ಜಳಕ ಬಿಡಾಕಾಗಲ್ಲೇನು?"

"ನಾ ಬಿಡ್ತೀನ್ರಿ. ನಾಡು ನಿಮ್ಮ ಬಾಜೂಕ ಕುಂದರತೈತೇನು ಕೇಳ್ರಿ."

ಬೆಂದ ಉತ್ತರಪತ್ರಿಕೆ ನೀಲಿ ಅಂಬಲಿಯಾಯಿತು. ಮೂರು ವರ್ಷದ ಮಕ್ಕಳ ಅಷ್ಟೂ ಮಸಿ, ಅಷ್ಟೂ ತಪ್ಪು, ಮೇಷ್ಟ್ರ ಅಷ್ಟೂ ಕೆಂಪು ಗೀಟು ಅದರಲ್ಲಿ ಕರಗಿ ಗುಳುಗುಳು ಎಂದವು. ಅದನ್ನು ತೊಳೆಯಲು ನೀರು ಬೇಕು. ನಲ್ಲಿ ದಿನ ಬಿಟ್ಟು ದಿನ ಬರುತ್ತಿತ್ತು. ಉಳಿದದ್ದು ಓಣಿಯ ಕೊನೆಯ ಕೈಪಂಪು. ಹನ್ನೆರಡು ಕೊಡ ಹೊತ್ತು ತಂದರೂ ಅಂಬಲಿ ನೀಲಿಯೇ. ಇಪ್ಪತ್ತು ಕೊಡಕ್ಕೆ ತಿಳಿನೀಲಿಯಾಯಿತು. ಪಂಪಿನ ಹತ್ತಿರ ಸರದಿ ಹಚ್ಚಿದ್ದ ಹೆಂಗಸರು, "ಮೇಷ್ಟ್ರ ಮನ್ಯಾಗ ಲಗ್ನೇನ ಬಸಲಿಂಗೀ?" ಎಂದು ಕೇಳಿದರು.

"ಲಗ್ನ ಅಲ್ಲವಾ, ಹೆರಿಗಿ. ನಮ್ಮ ಮನಿಯವರು ಕಾಗದ ಹಡಿಯಾಕತ್ತಾರ" ಎಂದಳು ಬಸಲಿಂಗಮ್ಮ.

ನೀಲಿ ಹೋಗಿಸಲು ಮೇಷ್ಟ್ರು ಬ್ಲೀಚಿಂಗ್ ಪುಡಿ ತಂದರು, ಎರಡು ಡಬ್ಬಿ ಸುರಿದರು. ಹಿತ್ತಲೆಲ್ಲ ಆಸ್ಪತ್ರೆಯ ವಾಸನೆ. ನೀಲಿ ಓಡಿಹೋಯಿತು, ಅದರ ಜೊತೆ ಮೇಷ್ಟ್ರ ಪಂಚೆಯ ಅಂಚಿನ ಬಣ್ಣವೂ ಓಡಿತು. ಆ ನೀರನ್ನು ಅವರು ಸಮಾಧಾನದಿಂದ ಗಟಾರಕ್ಕೆ ಬಗ್ಗಿಸಿದರು. ಗಟಾರ ಸುಮ್ಮನಿರಲಿಲ್ಲ. ಅದು ತಗ್ಗಿನ ಮನೆಯ ಜುಬೇದಾ ಬೀಯ ಬಾಗಿಲಿನ ಮುಂದೆ ಹಾದು ಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಜುಬೇದಾ ಬೀ ತನ್ನ ಕರಿ ಹೋತವನ್ನು ಹಗ್ಗ ಹಿಡಿದು ಎಳೆದುಕೊಂಡು ಬಂದಳು.

"ಮಾಸ್ತರ್ ಸಾಬ್, ಇದರ ಗಡ್ಡ ನೋಡ್ರಿ!"

ಹೋತದ ಗಡ್ಡ ಕೆಂಚಗಾಗಿ, ತುದಿ ಬೆಳ್ಳಗಾಗಿತ್ತು. ಗಟಾರಕ್ಕೆ ಬಾಯಿ ಹಾಕಲು ಹೋಗಿ, ಕುಡಿಯದೆ, ಗಡ್ಡ ಮಾತ್ರ ಅದ್ದಿಕೊಂಡು ಬಂದಿತ್ತು.

"ನಿನ್ನಿ ತನಕ ಜವಾನ ಇತ್ತು. ರಾತ್ರಿ ಕಳೆಯೋದ್ರಾಗ ಹಾಜಿ ಸಾಬ್ ಆಗೈತಿ! ಮಾರಾಕ ಹೋದ್ರ ಮುದುಕ ಅಂತಾರ. ನನ್ನ ಗೋರಂಟಿ ಗಿಡನೂ ಹೋತು. ಬುಡಕ್ಕ ನಿಮ್ಮ ನೀರು ಹೋಗೈತಿ, ಎಲಿ ಎಲ್ಲಾ ಸುಟ್ಟಾವ. ಏನು ಮಾಡಾಕತ್ತೀರಿ ಒಳಗ?"

"ಪರಿಸರ ಉಳಿಸಾಕತ್ತೀವಿ" ಎಂದರು ಮೇಷ್ಟ್ರು. ದನಿ ತುಸು ಸಣ್ಣಗಿತ್ತು.

"ಯಾ ಅಲ್ಲಾ! ಉಳಿಸೋದ ಹಿಂಗಾದ್ರ, ಕೆಡಸಾಕ ನಿಂತ್ರ ನಮ್ಮ ಗತಿ ಏನ್ರೀ!"

ಬಸಲಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಆಕೆ ಅಳುತ್ತಿದ್ದಾಳೆಂದು ಮೇಷ್ಟ್ರು ತಿಳಿದರು. ಆಕೆಯ ಭುಜ ಕುಣಿಯುತ್ತಿದ್ದ ರೀತಿ ಬೇರೆಯೇ ಇತ್ತು.

ನಾಲ್ಕನೆಯ ದಿನಕ್ಕೆ ಕಟ್ಟಿಗೆ ತೀರಿತು. ಹಂಡೆಯಲ್ಲಿ ಎರಡನೆಯ ಪಾಕ ಅರೆಬೆಂದಿತ್ತು. ಬಿಟ್ಟರೆ ಕೆಡುತ್ತದೆ. ಮೇಷ್ಟ್ರು ಅತ್ತ ನೋಡಿದರು, ಇತ್ತ ನೋಡಿದರು, ಮೇಲೆ ನೋಡಿದರು. ಮೇಲೆ ನುಗ್ಗೆ ಮರವಿತ್ತು. ಬಸಲಿಂಗಮ್ಮ ಮದುವೆಯಾಗಿ ಬಂದ ವರ್ಷ ತವರಿನಿಂದ ಕಡ್ಡಿ ತಂದು ನೆಟ್ಟ ಮರ. ಆಕೆ ಪಂಪಿನ ಸರದಿಗೆ ಹೋದಾಗ ಒಂದೇ ಒಂದು ಕೊಂಬೆ ಎಂದುಕೊಂಡು ಕೊಡಲಿ ಎತ್ತಿದರು. ನುಗ್ಗೆಯ ಗುಣ ಎಲ್ಲರಿಗೂ ಗೊತ್ತಿದ್ದದ್ದೇ. ಕೊಂಬೆ ಬೀಳುವಾಗ ತನ್ನ ಅಕ್ಕತಂಗಿಯರನ್ನೂ ಕರೆದುಕೊಂಡು ಬಿತ್ತು. ಅರ್ಧ ಮರ ನೆಲದ ಮೇಲಿತ್ತು. ಹಸಿ ನುಗ್ಗೆ ಉರಿಯಲೂ ಇಲ್ಲ, ಹೊಗೆಯಾಡಿತು. ಓಣಿಗೆ ಓಣಿಯೇ ಕೆಮ್ಮಿತು.

ಬಸಲಿಂಗಮ್ಮ ಕೊಡ ಇಳಿಸಿ, ಮರ ನೋಡಿದಳು. ಈ ಸಲ ನಗಲಿಲ್ಲ.

"ಮರ ಉಳಿಸಾಕ ಮರ ಕಡದ್ರೇನು?"

"ಅದು... ತ್ಯಾಗ."

"ಯಾರ್ದು? ನಿಮ್ದೋ, ಮರದ್ದೋ?"

ಮೇಷ್ಟ್ರ ಸುತ್ತ ಹೊಗೆಯಾಡುತ್ತಿತ್ತು. ಅದರ ನೆಪದಲ್ಲಿ ಕಣ್ಣೊರೆಸಿಕೊಂಡರು. ನಾಲ್ಕು ದಿನದಲ್ಲಿ ತನ್ನ ಹಿತ್ತಲು ಮರ ನುಂಗಿತ್ತು, ಊರಿನ ನೀರು ಕುಡಿದಿತ್ತು, ಗಟಾರ ಕೆಡಿಸಿತ್ತು, ಗಾಳಿಗೆ ಹೊಗೆ ಊದಿತ್ತು. ಬಳ್ಳಾರಿಯ ಪಂಡಿತರು ಹೇಳಿದ ದೊಡ್ಡ ಗಿರಣಿಯ ಅವತಾರಗಳಲ್ಲಿ ಒಂದೇ ಒಂದು ಬಾಕಿ ಇತ್ತು. ಅದು ಕಾಗದ ಮಾಡುತ್ತಿತ್ತು, ಇದು ಇನ್ನೂ ಮಾಡಿರಲಿಲ್ಲ.

ಆರನೆಯ ದಿನ ಕಾಗದ ಹುಟ್ಟಿತು. ಜರಡಿ ದುಂಡಗಿದ್ದುದರಿಂದ ಹಾಳೆಯೂ ದುಂಡಗಿತ್ತು. ಮಾಳಿಗೆಯ ಮೇಲೆ ಹದಿನಾರು ಹಾಳೆ ಸಾಲಾಗಿ ಒಣಗುತ್ತಿದ್ದವು. ನಡುವೆ ದಪ್ಪ, ಅಂಚು ಸೀಳು, ಅಲ್ಲಲ್ಲಿ ಕರಗದ ಚೂರು. ಒಂದು ಚೂರಿನಲ್ಲಿ ಯಾವನೋ ಹುಡುಗನ ಬರಹ ಹಾಗೆಯೇ ಉಳಿದಿತ್ತು: 'ತುಂಗಭದ್ರೆಯು ಒಂದು ಪ್ರಾಣಿ.'

ಗಾದೆಮ್ಮ ಒಂದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿ, "ಕಟಿ ರೊಟ್ಟಿ ಚೆಂದ ಆಗ್ಯಾವ. ಶೇಂಗಾ ಚಟ್ನಿ ಕೊಡ್ಲೇನು?" ಎಂದಳು.

ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ಇದ್ದುದರಲ್ಲಿ ಚೆಲುವಾದ ಹಾಳೆ ಆರಿಸಿ, ಅಂಚು ಕತ್ತರಿಸಿ ಚೌಕ ಮಾಡಿ, ಮಸಿಪೆನ್ನು ತೆಗೆದು ಮೇಲೆ 'ಶ್ರೀ' ಎಂದು ಬರೆದರು. ಬರೆದ 'ಶ್ರೀ' ಸುಮ್ಮನೆ ಕೂರಲಿಲ್ಲ, ಹಬ್ಬಿತು. ಮೊದಲು ಬದನೆಕಾಯಿಯಷ್ಟಾಯಿತು, ಆಮೇಲೆ ಕುಂಬಳಕಾಯಿಯಷ್ಟಾಯಿತು. ಆ ಕಾಗದ ಮೂರು ವರ್ಷದ ಮಸಿ ಕಕ್ಕಿ ಖಾಲಿ ಹೊಟ್ಟೆಯಲ್ಲಿತ್ತು, ಹೊಸ ಮಸಿ ಕಂಡೊಡನೆ ಹಸಿದವರಂತೆ ಹೀರಿತು. ಬೇರೆ ಹಾಳೆ ತೆಗೆದರು, ಅದೂ ಅಷ್ಟೇ. ಹದಿನಾರೂ ಮುಗಿದವು. ಹದಿನಾರು ನೀಲಿ ಕುಂಬಳಕಾಯಿ!

ಸಭೆಗೆ ಎರಡು ದಿನವಿತ್ತು.

"ಈಗರ ಹೋಗಿ ಹೆಡ್ಮಾಸ್ತರಿಗೆ ಹೇಳ್ರಿ, ಆಗಲಿಲ್ಲ ಅಂತ. ಯಾರೇನು ನೇಣಿಗೆ ಹಾಕ್ತಾರೇನು?" ಎಂದಳು ಬಸಲಿಂಗಮ್ಮ.

"ಮೂರು ತಾಲೂಕಿಗೆ ಗೊತ್ತಾಗೈತಿ ಬಸಲಿಂಗೀ! ಸಾಹೇಬ್ರ ಮುಂದ ಯಾವ ಮಕ ಇಟ್ಕೊಂಡು ನಿಲ್ಲಲಿ?"

"ಇದ್ದ ಮಕ ಇಟ್ಕೊಂಡ. ಅದೊಂದ ಐತಲ್ಲ ನಿಮಗ!"

ಮೇಷ್ಟ್ರು ಅಂದು ಮಧ್ಯಾಹ್ನ ಹರಪನಹಳ್ಳಿಯ ಬಸ್ಸು ಹತ್ತಿದರು. ಕೊಟ್ಟೂರಿನ ಅಂಗಡಿಯಲ್ಲಿ ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಹರಪನಹಳ್ಳಿಯಲ್ಲಿ ಅವರನ್ನು ಯಾರು ಬಲ್ಲರು? ಟೊಪ್ಪಿಗೆ ಹುಬ್ಬಿನ ತನಕ ಎಳೆದುಕೊಂಡು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಬೆಲೆಯ, ಎಲ್ಲಕ್ಕಿಂತ ದಪ್ಪದ, ಹಾಲಿನಂಥ ಹೊಸ ಹಾಳೆಯೊಂದನ್ನು ಕೊಂಡರು. ಲಂಚ ಈಸಿಕೊಂಡವರಂತೆ ಅಂಗಿಯ ಒಳಗೆ ಸುರುಳಿ ಮಾಡಿ ಅಡಗಿಸಿಕೊಂಡರು. ಇಡೀ ದಾರಿ ಹಾಳೆ ಹೊಟ್ಟೆಗೆ ಚುಚ್ಚುತ್ತಿತ್ತು.

ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಶೃಂಗಾರಕ್ಕೆ ಕೂತರು. ಹಾಲಿನ ಬಣ್ಣ ಕಳೆಯಲು ಚಹಾದ ಡಿಕಾಕ್ಷನ್ ಸವರಿದರು. ಅಂಚನ್ನು ಉಗುರಿನಿಂದ ಚಿವುಟಿ ಚಿವುಟಿ ಒರಟಾಗಿಸಿದರು. ಅಲ್ಲಲ್ಲಿ ಎರಡು ಮೂರು ನಾರು ಅಂಟಿಸಿದರು. ಒಣಗಿದ ಮೇಲೆ ಕೈಯಲ್ಲಿ ಹಿಡಿದು ನೋಡಿದರೆ ಅದು ಮಿಲ್ಲಿನಲ್ಲಿ ಹುಟ್ಟಿ ಹಿತ್ತಲಿಗೆ ದತ್ತು ಬಂದ ಕೂಸಿನಂತಿತ್ತು. ಅದರ ಮೇಲೆ ಬಿನ್ನವತ್ತಳೆಯನ್ನು ಮುತ್ತಿನಂತೆ ಬರೆದರು. 'ಕೈಯಾರೆ ಮಾಡಿದ ಈ ಕಾಗದದಂತೆ ನಮ್ಮ ಭಕ್ತಿಯೂ ಅಪ್ಪಟವಾದದ್ದು' ಎಂಬ ಸಾಲು ಬರೆಯುವಾಗ ಮಾತ್ರ ಪೆನ್ನು ಒಂದು ಸಲ ತಡವರಿಸಿತು.

"ಚಾಪುಡಿ ಡಬ್ಬಿ ಬರಿದಾಗೈತಲ್ರಿ, ಯಾರು ಕುಡದ್ರು?" ಬಾಗಿಲಾಚೆಯಿಂದ ಬಸಲಿಂಗಮ್ಮನ ದನಿ.

"ಬೆಕ್ಕು" ಎಂದರು ಮೇಷ್ಟ್ರು.

"ಸಕ್ರಿ ಬ್ಯಾಡಂತೇನು ಅದಕ್ಕ?"

ಭಾನುವಾರ ಶಾಲೆಯ ಸಭಾಂಗಣ ಗಿಜಿಗುಟ್ಟುತ್ತಿತ್ತು. ಹೆಂಗಸರ ಸಾಲಿನಲ್ಲಿ ಬಸಲಿಂಗಮ್ಮ, ಗಾದೆಮ್ಮ, ಅವರ ಪಕ್ಕ ಜುಬೇದಾ ಬೀ. ಕರಿಸಿದ್ದಪ್ಪನವರು ಧ್ವನಿವರ್ಧಕದಲ್ಲಿ ಪಾಲಣ್ಣ ಮೇಷ್ಟ್ರನ್ನು ಹಾಡಿ ಹೊಗಳಿದರು. ಪಾಲಣ್ಣ ಮೇಷ್ಟ್ರು ಬಿನ್ನವತ್ತಳೆ ಓದಿದರು. ಚಪ್ಪಾಳೆ ಬಿದ್ದವು. ಓಬಳೇಶಪ್ಪನವರು ಎದ್ದು, ಎರಡೂ ಕೈಯಲ್ಲಿ ಹಾಳೆ ಈಸಿಕೊಂಡರು. ಬೆರಳಿನಿಂದ ಸವರಿದರು. ಅವರ ಕಣ್ಣು ಒದ್ದೆಯಾಗಿದ್ದವು.

"ನನಗಂತ ಮಾಡಿದಿಯೇನೋ ಪಾಲಣ್ಣಾ?"

"ಹೂಂ ಸಾರ್" ಎಂದರು ಮೇಷ್ಟ್ರು. ಆ 'ಹೂಂ' ಹಾಳೆಗಿಂತ ತೆಳ್ಳಗಿತ್ತು.

ಸಾಹೇಬರು ಅಷ್ಟಕ್ಕೇ ಕೂತುಬಿಟ್ಟಿದ್ದರೆ! ಆದರೆ ಮೂವತ್ತು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಯಾರೇ ಸರ್ಟಿಫಿಕೇಟು ತರಲಿ, ಮಾರ್ಕ್ಸ್ ಕಾರ್ಡು ತರಲಿ, ಅದು ಅಸಲೋ ನಕಲೋ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು. ಕೈಗೆ ಅಂಟಿದ ಚಾಳಿ ನಿವೃತ್ತಿಯ ದಿನವೂ ಬಿಡಲಿಲ್ಲ. ಕೈ ತನ್ನಷ್ಟಕ್ಕೆ ತಾನು ಮೇಲೆದ್ದಿತು. ಹಾಳೆ ಕಿಟಕಿಯ ಬಿಸಿಲಿಗೆ ಹೊಳೆಯಿತು.

ಅಕ್ಷರಗಳ ಹಿಂದೆ, ಕಾಗದದ ಒಡಲಲ್ಲಿ, ನೀರಿನ ಗೆರೆಯಂತೆ ಒಂದು ಕಿರೀಟ ಮೂಡಿತು. ಕಿರೀಟದ ಕೆಳಗೆ ಗಿರಣಿಯ ಹೆಸರು. ಅದರ ಕೆಳಗೆ ಊರು. ಚಹಾ ಸವರಿದವರಿಗೆ, ಅಂಚು ಚಿವುಟಿದವರಿಗೆ, ಕಾಗದದ ಹೊಟ್ಟೆಯೊಳಗಿನ ಹಚ್ಚೆ ಕಂಡಿರಲಿಲ್ಲ!

ಓಬಳೇಶಪ್ಪನವರು ಓದಿದರು. ಮತ್ತೊಮ್ಮೆ ಓದಿದರು. ಮೆಲ್ಲಗೆ ಹಾಳೆ ಇಳಿಸಿದರು. ಅವರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ಮೇಷ್ಟ್ರ ಕಿವಿಯ ಹತ್ತಿರ ಬಾಗಿ, "ಚೊಲೋ ಐತಪಾ" ಎಂದರು. ಸುಮ್ಮನೆ ಹಾಳೆ ಮಡಿಚತೊಡಗಿದರು. ತಾನು ಕಂಡದ್ದನ್ನು ಇತರರು ಕಾಣದಿರಲಿ ಎಂದು ಮಡಿಚುತ್ತಿದ್ದಾರೆ ಎಂಬುದು ಮೇಷ್ಟ್ರಿಗೆ ತಿಳಿಯಿತು. ಆ ಕರುಣೆ ಕೊಡಲಿಯಂತೆ ಬಿತ್ತು.

ಪಾಲಣ್ಣ ಮೇಷ್ಟ್ರು ಧ್ವನಿವರ್ಧಕ ಹಿಡಿದುಕೊಂಡರು. ಬಾಯಿ ತಾನಾಗಿ ತೆರೆಯಿತು.

"ಸಾರ್, ಅದು ನಾ ಮಾಡಿದ್ದಲ್ಲ. ಹರಪನಹಳ್ಳಿ ಅಂಗಡಿಯಿಂದ ತಂದದ್ದು. ನಾ ಮಾಡಿದ ಕಾಗದ ಮನ್ಯಾಗ ಐತಿ. ಅದರ ಮ್ಯಾಲ ಒಂದು ಅಕ್ಷರ ಬರದ್ರ ಕುಂಬಳಕಾಯಿ ಆಕೈತಿ."

ಕರಿಸಿದ್ದಪ್ಪನವರು ಕುರ್ಚಿಯಲ್ಲೇ ಇಷ್ಟಿಷ್ಟು ಕೆಳಗೆ ಜಾರಿದರು.

ಒಮ್ಮೆ ಹೊರಬಿದ್ದ ಮಾತು ನಿಲ್ಲಲಿಲ್ಲ. ಹಂಡೆ, ಜರಡಿ, ಇಪ್ಪತ್ತು ಕೊಡ ನೀರು, ಕಡಿದ ನುಗ್ಗೆ, ಸುಟ್ಟ ಗೋರಂಟಿ, ಚಹಾ ಕುಡಿದ ಬೆಕ್ಕು, ಎಲ್ಲವನ್ನೂ ಹೇಳಿದರು. ಹೋತದ ಗಡ್ಡದ ಪ್ರಸಂಗ ಬಂದಾಗ ಜುಬೇದಾ ಬೀ ಕೂತಲ್ಲಿಂದಲೇ, "ಖರೇ ಐತ್ರಿ ಸಾಹೇಬ್ರ! ಬೇಕಿದ್ರ ಹಿಡ್ಕೊಂಡು ಬರ್ತೀನಿ!" ಎಂದು ಸಾಕ್ಷಿ ನುಡಿದಳು. ಮೊದಲು ಒಂದು ಮೂಲೆ ನಕ್ಕಿತು, ಆಮೇಲೆ ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಓಬಳೇಶಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಹಿಂಗ ನಾ ಪರಿಸರ ಉಳಿಸೀನಿ ಸಾರ್" ಎಂದು ಮೇಷ್ಟ್ರು ಮುಗಿಸಿದರು. "ಮೊದಲ ಹೂಂ ಅಂದದ್ದಕ್ಕ ಕ್ಷಮಾ ಮಾಡ್ರಿ."

ಸಾಹೇಬರು ಎದ್ದು ಬಂದು ಅವರ ಬೆನ್ನ ಮೇಲೆ ಕೈಯಿಟ್ಟರು. "ಮೂವತ್ತು ವರ್ಷದಾಗ ನಾ ಹಿಡಿದ ಖೋಟಾ ಕಾಗದ ಎಷ್ಟೋ. ತಾನಾಗಿ ಎದ್ದುನಿಂತು ಇದು ಖೋಟಾ ಅಂದಾವ ನೀನೊಬ್ಬನ ನೋಡಪಾ" ಎಂದರು.

ಮನೆಗೆ ನಡೆದು ಹೋಗುವಾಗ ಮೇಷ್ಟ್ರು ತಲೆ ಎತ್ತಲಿಲ್ಲ. ಗಾದೆಮ್ಮ ಮತ್ತು ಜುಬೇದಾ ಬೀ ಮುಂದೆ ಮುಂದೆ ನಗುತ್ತ ಹೋಗುತ್ತಿದ್ದರು. ಬಸಲಿಂಗಮ್ಮ ಎರಡು ಹೆಜ್ಜೆ ಹಿಂದೆ, ಏನನ್ನೋ ಲೆಕ್ಕ ಹಾಕುವವಳಂತೆ ಬರುತ್ತಿದ್ದಳು.

"ಬೈಯೋದಿದ್ರ ಬೈದುಬಿಡು" ಎಂದರು ಮೇಷ್ಟ್ರು.

"ಬೈಯೋದ್ಯಾಕ? ನಿಮ್ಮ ಪಂಡಿತರು ಹೇಳಿದ್ದು ನನಗ ಈಗ ತಿಳೀತು ನೋಡ್ರಿ" ಎಂದಳು ಬಸಲಿಂಗಮ್ಮ. "ಸುಳ್ಳು ಹೇಳಾಕ ಅಷ್ಟು ದೊಡ್ಡ ಹಾಳಿ ಬೇಕಾತು. ಖರೇ ಹೇಳಾಕ ಬರೇ ಬಾಯಿ ಸಾಕಾತು. ದಿನಾ ಹಿಂಗ ಮಾಡ್ರಿ, ಅಡವಿಗೆ ಅಡವೀನ ಉಳೀತೈತಿ!"